ಡ್ರಮ್ಮಿನ ಜೊತೆ ಹೋಗಬೇಕಾದ ಮಾತು



ಇನ್ನೂರು ಲೀಟರು ಹಿಡಿಯುವ ಒಂದು ಕಬ್ಬಿಣದ ಡ್ರಮ್ಮು. ಬಾಯಿ ಮುಚ್ಚಿದೆ. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಯಾವುದೋ ಕೈಗಾರಿಕಾ ಶೆಡ್ಡಿನ ಹಿಂಗೋಡೆಗೆ ಒರಗಿ ನಿಂತಿದೆ. ಒಳಗೆ ಏನಿದೆ? ಯಂತ್ರದಿಂದ ತೆಗೆದ ಹಳೆಯ ಎಣ್ಣೆಯೇ? ಬಣ್ಣ ತೊಳೆದ ಥಿನ್ನರೇ? ಆಮ್ಲವೇ? ಸಯನೈಡ್ ಸೇರಿದ ರಾಡಿಯೇ? ತುಂಬಿದ ಹುಡುಗನಿಗೆ ಅದು ಗೊತ್ತಿತ್ತು. ಅವನು ಕೆಲಸ ಬಿಟ್ಟು ಊರಿಗೆ ಹೋದ. ಈಗ ಯಾರಿಗೂ ಗೊತ್ತಿಲ್ಲ.

ಇಂಥ ಡ್ರಮ್ಮು ಒಂದಲ್ಲ ಒಂದು ದಿನ ಲಾರಿ ಹತ್ತುತ್ತದೆ. ಯಾರೋ ಅದರ ಮುಚ್ಚಳ ತೆಗೆಯುತ್ತಾರೆ. ಹಾಗೆ ತೆಗೆಯುವವರಿಗೆ ಒಳಗಿನದು ಏನೆಂದು ಮೊದಲೇ ತಿಳಿದಿರಬೇಕು. ಇವತ್ತಿನ ನನ್ನ ಮಾತೆಲ್ಲ ಇಷ್ಟರ ಸುತ್ತಲೇ. ಅಪಾಯಕಾರಿ ತ್ಯಾಜ್ಯವನ್ನು ವಿಲೇವಾರಿ ಘಟಕ ಒಪ್ಪಿಕೊಳ್ಳಬೇಕಾದರೆ ಅದರ ಬಗ್ಗೆ ಯಾವ ಮಾಹಿತಿ ಸಿದ್ಧವಾಗಬೇಕು, ಅದನ್ನು ಯಾರು ಸಿದ್ಧಮಾಡಬೇಕು, ಅದು ಸುಳ್ಳಾದರೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ.

ಮೊದಲು ಕಾನೂನು. ಭೋಪಾಲದ ಅನಿಲ ದುರಂತ ಆದದ್ದು 1984ರಲ್ಲಿ. ಎರಡು ವರ್ಷಗಳ ನಂತರ ಪರಿಸರ ಸಂರಕ್ಷಣಾ ಕಾಯಿದೆ ಬಂತು. ಅದರಡಿಯಲ್ಲಿ 1989ರಲ್ಲಿ ಅಪಾಯಕಾರಿ ತ್ಯಾಜ್ಯಗಳ ಮೊದಲ ನಿಯಮಗಳು ಬಂದವು. 2008ರಲ್ಲಿ ಅವು ಹೊಸದಾದವು. 2016ರಲ್ಲಿ ಮತ್ತೆ ಹೊಸದಾದವು. ಈ ನಿಯಮಗಳ ಪ್ರಕಾರ ಇಂಥ ತ್ಯಾಜ್ಯ ಹುಟ್ಟುವ ಪ್ರತಿ ಕಾರ್ಖಾನೆಯೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರ ಪತ್ರ ಪಡೆಯಬೇಕು. ಯಾವ ತ್ಯಾಜ್ಯ, ವರ್ಷಕ್ಕೆ ಎಷ್ಟು, ಅದು ಎಲ್ಲಿಗೆ ಹೋಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಶೆಡ್ಡಿನಲ್ಲಿ ತ್ಯಾಜ್ಯವನ್ನು 90 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಕೆಲವು ಸಂದರ್ಭಗಳಲ್ಲಿ ಮಂಡಳಿ ಆ ಗಡುವನ್ನು ವಿಸ್ತರಿಸಬಹುದು.

ಆಮೇಲೆ ಅದು ಹೋಗಬೇಕಾದದ್ದು ಮಂಡಳಿಯ ಒಪ್ಪಿಗೆಯಿರುವ ಜಾಗಕ್ಕೆ ಮಾತ್ರ. ನಮ್ಮ ರಾಜ್ಯದಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಹೋಗುವ ದಾರಿಯಲ್ಲಿ, ದಾಬಸ್‌ಪೇಟೆಯ ಬಳಿ, ಇಂಥ ಒಂದು ಸಾಮೂಹಿಕ ಘಟಕವಿದೆ. ಅನೇಕ ಕಾರ್ಖಾನೆಗಳ ತ್ಯಾಜ್ಯ ಅಲ್ಲಿಗೆ ಬರುತ್ತದೆ.

ಆದರೆ ಬಂದದ್ದನ್ನೆಲ್ಲ ಘಟಕ ಹಾಗೆಯೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಟ್ಟುಕೊಳ್ಳಲೂ ಬಾರದು. ಮೊದಲು ಕಾಗದ, ಆಮೇಲೆ ಮಾದರಿ, ಆಮೇಲೆ ಪರೀಕ್ಷೆ, ಆಮೇಲೆ ಒಪ್ಪಿಗೆ. ಇದಾದ ಮೇಲೆಯೇ ಲಾರಿ.

ಇಷ್ಟು ಹಿನ್ನೆಲೆ. ಈಗ ಆ ಕಾಗದದ ವಿಷಯಕ್ಕೆ ಬರೋಣ.

ಘಟಕ ಕೇಳುವ ಮೊದಲ ಪ್ರಶ್ನೆ, ಈ ತ್ಯಾಜ್ಯ ಎಲ್ಲಿ ಹುಟ್ಟಿತು ಎಂಬುದು. ಏನಿದೆ ಎಂಬುದು ಎರಡನೆಯ ಪ್ರಶ್ನೆ. ಈ ಅನುಕ್ರಮಕ್ಕೆ ಕಾರಣವಿದೆ. ಪ್ರಯೋಗಾಲಯದವರು ಹುಡುಕಿದ್ದನ್ನು ಮಾತ್ರ ಕಾಣುತ್ತಾರೆ. ಪಾದರಸವನ್ನು ಹುಡುಕದಿದ್ದರೆ ಪಾದರಸ ಸಿಗುವುದಿಲ್ಲ. ಏನನ್ನು ಹುಡುಕಬೇಕು ಎಂದು ಹೇಳಬಲ್ಲದ್ದು ಹುಟ್ಟಿನ ವಿವರವೇ. ಯಾವ ಕಚ್ಚಾವಸ್ತು ಒಳಗೆ ಹೋಯಿತು, ಯಾವ ತೊಟ್ಟಿಯಲ್ಲಿ ಏನು ಮಾಡಿದಿರಿ, ಏನು ಹೊರಗೆ ಬಂತು. ಇದನ್ನು ಬರೆಯಬಲ್ಲವರು ಆ ಕಾರ್ಖಾನೆಯವರು ಮಾತ್ರ. ಹೊರಗಿನ ಸಲಹೆಗಾರರು ಹಳೆಯ ಅರ್ಜಿಯೊಂದರ ಹೆಸರು ಬದಲಿಸಿ ಕೊಟ್ಟರೆ ಅದು ಅರ್ಜಿಯಾದೀತು, ಮಾಹಿತಿಯಾಗದು.

2016ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಸುಮಾರು 40 ಬಗೆಯ ಉದ್ಯಮ ಪ್ರಕ್ರಿಯೆಗಳ ಪಟ್ಟಿಯಿದೆ. ಪ್ರತಿ ತ್ಯಾಜ್ಯಕ್ಕೂ ಒಂದು ಸಂಖ್ಯೆ. ಬಳಸಿ ಬಿಟ್ಟ ಎಣ್ಣೆ 5.1. ರಾಸಾಯನಿಕ ಮೆತ್ತಿಕೊಂಡ ಖಾಲಿ ಡ್ರಮ್ಮು 33.1. ಎಣ್ಣೆ, ದ್ರಾವಕ ಒರೆಸಿದ ಹತ್ತಿ ಬಟ್ಟೆ 33.2. ಕೊಳಕು ನೀರನ್ನು ಶುದ್ಧಿ ಮಾಡಿದಾಗ ಅಡಿಯಲ್ಲಿ ಉಳಿಯುವ ರಾಸಾಯನಿಕ ರಾಡಿ 35.3. ಅನೇಕರು ಎಲ್ಲವನ್ನೂ ಈ 35.3ಕ್ಕೆ ಸೇರಿಸಿಬಿಡುತ್ತಾರೆ. ಸಂಖ್ಯೆ ಒಂದೇ ಇರಬಹುದು. ಆದರೆ ಬಣ್ಣದ ಕಾರ್ಖಾನೆಯ ರಾಡಿಯೇ ಬೇರೆ, ಔಷಧ ಕಾರ್ಖಾನೆಯ ರಾಡಿಯೇ ಬೇರೆ, ಪ್ಲೇಟಿಂಗ್ ಶೆಡ್ಡಿನ ರಾಡಿಯೇ ಬೇರೆ. ಸಂಖ್ಯೆಯ ಪಕ್ಕದಲ್ಲಿ ನಾಲ್ಕು ಸಾಲು ವಿವರ ಬರೆಯದೆ ಸಂಖ್ಯೆಗೆ ಅರ್ಥವಿಲ್ಲ.

ಪ್ಲೇಟಿಂಗ್ ಶೆಡ್ಡಿನ ಹೆಸರು ಬಂದದ್ದರಿಂದ ಅಲ್ಲಿಯೇ ಸ್ವಲ್ಪ ನಿಲ್ಲುತ್ತೇನೆ. ಬೆಂಗಳೂರಿನ ಪೀಣ್ಯದಲ್ಲಿ ಇಂಥ ಶೆಡ್ಡುಗಳು ಬಹಳ. ಬೋಲ್ಟು, ಬ್ರಾಕೆಟ್ಟು, ನಲ್ಲಿಗಳಿಗೆ ಸತು, ನಿಕ್ಕಲ್, ಕ್ರೋಮಿಯಂ ಲೇಪ ಕೊಡುವ ಜಾಗಗಳು. ಒಂದೇ ಸೂರಿನಡಿ ಸಾಲಾಗಿ ತೊಟ್ಟಿಗಳು. ಒಂದು ತೊಟ್ಟಿಯಲ್ಲಿ ಕಬ್ಬಿಣದ ತುಕ್ಕು ತೆಗೆಯುವ ಹೈಡ್ರೋಕ್ಲೋರಿಕ್ ಆಮ್ಲ. ಸತು ಲೇಪಕ್ಕೆ ಸಯನೈಡ್ ಬಳಸುವ ಕಡೆ, ನಾಲ್ಕು ಹೆಜ್ಜೆ ಆಚೆಗೆ ಸಯನೈಡ್ ತೊಟ್ಟಿ.

ಸಯನೈಡ್ ದ್ರಾವಣ ಕ್ಷಾರವಾಗಿ ಇರುವಷ್ಟು ಹೊತ್ತು ನೀರಿನಲ್ಲೇ ಉಳಿಯುತ್ತದೆ. ಅದಕ್ಕೆ ಆಮ್ಲ ಬೆರೆಯಿತೆಂದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಅದು ಸುಮಾರು 26 ಡಿಗ್ರಿ ಉಷ್ಣತೆಯಲ್ಲೇ ಕುದಿಯುವ ವಸ್ತು. ನಮ್ಮ ಬೇಸಿಗೆಯ ಮಧ್ಯಾಹ್ನದಲ್ಲಿ ಅದು ದ್ರವವಾಗಿ ನಿಲ್ಲಲಾರದು. ಕಹಿ ಬಾದಾಮಿಯ ವಾಸನೆ ಬರುತ್ತದೆ ಎನ್ನುತ್ತಾರೆ. ಆ ವಾಸನೆಯನ್ನು ಹಿಡಿಯುವ ಶಕ್ತಿ ಎಲ್ಲರ ಮೂಗಿಗೂ ಇಲ್ಲ. ಹಿಡಿದ ಮೂಗಿಗೂ ಓಡಲು ಸಮಯ ಸಿಕ್ಕೀತೆಂಬ ಭರವಸೆಯಿಲ್ಲ.

ಈಗ ಯೋಚಿಸಿ. ಒಂದು ಶೆಡ್ಡಿನಿಂದ ಸಯನೈಡ್ ರಾಡಿ ಬಂತು. ಇನ್ನೊಂದರಿಂದ ಆಮ್ಲದ ರಾಡಿ ಬಂತು. ಎರಡೂ ಡ್ರಮ್ಮುಗಳ ಕಾಗದದಲ್ಲಿ ಒಂದೇ ಒಂದು ಮಾತು, ಪ್ಲೇಟಿಂಗ್ ರಾಡಿ ಎಂದು. ಘಟಕದಲ್ಲಿ ಎರಡನ್ನೂ ಒಂದೇ ಗುಂಡಿಗೆ ಸುರಿದರೆ? ಇದಕ್ಕಾಗಿಯೇ ಕಾಗದದಲ್ಲಿ ಸಯನೈಡ್ ಇದೆಯೇ, ಸಲ್ಫೈಡ್ ಇದೆಯೇ ಎಂದು ಬೇರೆಯಾಗಿ ಕೇಳುವುದು. ಸಲ್ಫೈಡ್‌ಗೂ ಆಮ್ಲ ತಗುಲಿದರೆ ವಿಷಾನಿಲ ಬರುತ್ತದೆ. ಇಲ್ಲ ಎಂದು ಬರೆಯುವ ಮೊದಲು ತೊಟ್ಟಿಗಳ ಸಾಲಿನುದ್ದಕ್ಕೂ ಒಮ್ಮೆ ನಡೆದು ಬನ್ನಿ. ಕೆಲಸದವರನ್ನು ಕೇಳಿ. ಮೇಜಿನ ಮುಂದೆ ಕೂತು ಆ ಉತ್ತರ ಬರೆಯಬೇಡಿ.

ಹುಟ್ಟಿನ ವಿವರವೇ ಮೊದಲು ಎಂದು ಇಷ್ಟು ಹೊತ್ತು ಹೇಳಿದೆ. ಮುಂದಿನದು ಮಾದರಿ.

ಮಾದರಿ ಎಂದರೆ ಒಂದು ಬಾಟಲಿ ರಾಡಿ. ಅದು ಹತ್ತಾರು ಟನ್ ರಾಡಿಯ ಪರವಾಗಿ ಮಾತಾಡಬೇಕು. ಡ್ರಮ್ಮು ತಿಂಗಳುಗಟ್ಟಲೆ ನಿಂತರೆ ಒಳಗಿನದು ಪದರ ಕಟ್ಟುತ್ತದೆ. ಮೇಲೆ ಎಣ್ಣೆ, ನಡುವೆ ನೀರು, ಅಡಿಯಲ್ಲಿ ಲೋಹ ತುಂಬಿದ ಗಟ್ಟಿ ಮಡ್ಡಿ. ಮೇಲಿನಿಂದ ಒಂದು ಲೋಟ ಎತ್ತಿಕೊಟ್ಟರೆ ಸೀಸವೂ ಇಲ್ಲ, ಕ್ಯಾಡ್ಮಿಯಂ ಕೂಡ ಇಲ್ಲ ಎಂಬ ವರದಿ ಬರುತ್ತದೆ. ವರದಿಯ ಅಂಕಿ ತಪ್ಪಲ್ಲ, ಆದರೆ ಡ್ರಮ್ಮಿನ ಅಡಿಯ ಕಥೆ ಅದರಲ್ಲಿ ಬಂದೇ ಇಲ್ಲ. ಆದ್ದರಿಂದ ಉದ್ದನೆಯ ಕೊಳವೆಯನ್ನು ತಳದವರೆಗೆ ಇಳಿಸಿ ಎಲ್ಲ ಪದರಗಳನ್ನೂ ತೆಗೆಯಬೇಕು. ಹಲವು ಡ್ರಮ್ಮುಗಳಿಂದ, ಹಲವು ದಿನಗಳಲ್ಲಿ ತೆಗೆದು ಕಲಸಬೇಕು. ಯಾವ ದಿನ, ಯಾವ ಡ್ರಮ್ಮು, ಯಾರು ತೆಗೆದರು ಎಂದು ಬಾಟಲಿಯ ಮೇಲೆ ಬರೆಯಬೇಕು.

ಮಾದರಿ ಸರಿಯಾಗಿದ್ದರೆ ಪರೀಕ್ಷೆಗೆ ಅರ್ಥ ಬರುತ್ತದೆ. ಇಲ್ಲಿ ಬಹಳ ಪರೀಕ್ಷೆಗಳಿವೆ. ಎಲ್ಲವನ್ನೂ ಹೇಳಲು ನಮ್ಮ ಸಮಯ ಸಾಲದು. ಕೆಲವನ್ನು ಮಾತ್ರ ವಿವರಿಸುತ್ತೇನೆ.

ಒಂದು ಸುಲಭವಾದದ್ದು. ಸಣ್ಣ ಕಣ್ಣಿನ ಬಲೆಯುಳ್ಳ ಶಂಕುವಿನಾಕಾರದ ಒಂದು ಸೋಸುಕ. ಬಣ್ಣ ಸೋಸಲು ಬಳಸುವಂಥದ್ದು. ಅದರಲ್ಲಿ ಸುಮಾರು 100 ಗ್ರಾಂ ತ್ಯಾಜ್ಯ ಹಾಕಿ ಐದು ನಿಮಿಷ ಕಾಯುತ್ತಾರೆ. ಕೆಳಗೆ ಒಂದು ಹನಿ ಬಿದ್ದರೂ ಅದು ದ್ರವವಿರುವ ತ್ಯಾಜ್ಯ. ನೇರವಾಗಿ ಭೂಭರ್ತಿಗೆ, ಅಂದರೆ ನೆಲದೊಳಗೆ ಹೂಳುವ ಕಟ್ಟಿದ ಗುಂಡಿಗೆ, ಅದು ಹೋಗುವಂತಿಲ್ಲ.

ಇನ್ನೊಂದು ಉಷ್ಣತೆಯದು. ದ್ರವ ತ್ಯಾಜ್ಯದ ಆವಿ 60 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲೇ ಕಿಡಿ ತಾಗಿ ಹೊತ್ತಿಕೊಳ್ಳುವುದಾದರೆ ಅದು ದಹನಶೀಲ. ಪಿಎಚ್ 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ 12.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅದು ಕೊರೆದು ತಿನ್ನುವ ವಸ್ತು.

ಮೂರನೆಯದು ನನಗೆ ಬಹಳ ಮುಖ್ಯವೆನಿಸುವ ಪರೀಕ್ಷೆ. ಇದನ್ನು ಟಿಸಿಎಲ್‌ಪಿ ಎನ್ನುತ್ತಾರೆ. ಒಂದು ಪಾಲು ತ್ಯಾಜ್ಯಕ್ಕೆ 20 ಪಾಲು ದುರ್ಬಲ ಅಸಿಟಿಕ್ ಆಮ್ಲದ ದ್ರಾವಣ. ವಿನೆಗರಿನಲ್ಲಿರುವ ಆಮ್ಲವೇ ಅದು. ಬಾಟಲಿಯ ಬಾಯಿ ಬಿಗಿದು, ಯಂತ್ರಕ್ಕೆ ಕಟ್ಟಿ, ತಲೆಕೆಳಗಾಗಿ ತಿರುಗಿಸುತ್ತಾರೆ. ನಿಮಿಷಕ್ಕೆ ಸುಮಾರು 30 ಸುತ್ತು, ಹೆಚ್ಚುಕಡಿಮೆ 18 ಗಂಟೆ. ಸಂಜೆ ಹಚ್ಚಿದರೆ ಮರುದಿನ ಮಧ್ಯಾಹ್ನದವರೆಗೆ ಬಾಟಲಿ ಸುತ್ತುತ್ತಲೇ ಇರುತ್ತದೆ. ಆಮೇಲೆ ದ್ರವವನ್ನು ಸೋಸಿ ಅದರಲ್ಲಿ ಎಷ್ಟು ಲೋಹ ಬಿಟ್ಟುಕೊಂಡಿದೆ ಎಂದು ನೋಡುತ್ತಾರೆ. ಲೀಟರಿಗೆ 5 ಮಿಲಿಗ್ರಾಂ ಸೀಸ ಬಂದರೆ ಅದು ಕಾನೂನಿನ ಗೆರೆ. ಪಾದರಸಕ್ಕೆ ಗೆರೆ ಇನ್ನೂ ಕೆಳಗಿದೆ, ಲೀಟರಿಗೆ 0.2 ಮಿಲಿಗ್ರಾಂ.

ಯಾಕೆ ಹೀಗೆ? ರಾಡಿಯಲ್ಲಿ ಎಷ್ಟು ಸೀಸವಿದೆ ಎಂಬುದು ಒಂದು ಪ್ರಶ್ನೆ. ಮಳೆ ಬಿದ್ದು, ಕಸ ಕೊಳೆತು, ಹುಳಿ ನೀರು ಇಳಿದಾಗ ಅದರಲ್ಲಿ ಎಷ್ಟು ಸೀಸ ಕರಗಿ ಹೊರಡುತ್ತದೆ ಎಂಬುದು ಇನ್ನೊಂದು. ಗುಂಡಿಯ ಸುತ್ತಲಿನ ಕೊಳವೆಬಾವಿಗಳಿಗೆ ಬೇಕಾದದ್ದು ಎರಡನೆಯ ಪ್ರಶ್ನೆಯ ಉತ್ತರ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಮ್ಮ ಹಿರಿಯರು ಬೇರೆ ಅರ್ಥದಲ್ಲಿ ಹೇಳಿದರು. ಊರಿಗೆ ಬಂದ ವಿಷದ ವಿಷಯದಲ್ಲಿ ಅದು ಅಕ್ಷರಶಃ ನಿಜ.

ಇಲ್ಲಿಯವರೆಗೆ ಹುಟ್ಟಿನ ವಿವರ ನೋಡಿದೆವು, ಮಾದರಿ ನೋಡಿದೆವು, ಪರೀಕ್ಷೆ ನೋಡಿದೆವು. ಇವುಗಳನ್ನು ಇಟ್ಟುಕೊಂಡು ಘಟಕ ಏನು ನಿರ್ಧರಿಸುತ್ತದೆ?

ತ್ಯಾಜ್ಯ ಯಾವ ದಾರಿ ಹಿಡಿಯಬೇಕು ಎಂಬುದನ್ನು. ಗಟ್ಟಿಯಾಗಿದ್ದು, ಲೋಹ ಬಿಡದಿದ್ದರೆ, ಮಿತಿಗಳೊಳಗೆ ಇದ್ದರೆ ನೇರ ಭೂಭರ್ತಿ. ಲೋಹ ಬಿಡುವಂತಿದ್ದರೆ ಸಿಮೆಂಟು, ಸುಣ್ಣ, ಹಾರುಬೂದಿ ಕಲಸಿ ಅದನ್ನು ಕಟ್ಟಿಹಾಕಬೇಕು. ಆಮೇಲೆ ಮತ್ತೆ ಪರೀಕ್ಷೆ. ಆಮೇಲೆ ಭೂಭರ್ತಿ. ಉರಿಯುವ ಸಾವಯವ ವಸ್ತುವಾದರೆ ದಹನ ಕುಲುಮೆ. ಅದರ ಎರಡನೆಯ ಕೋಣೆಯಲ್ಲಿ ಸುಮಾರು 1,100 ಡಿಗ್ರಿ ಉಷ್ಣತೆ ಇರಬೇಕು. ಒಳ್ಳೆಯ ಶಾಖ ಕೊಡುವ ತ್ಯಾಜ್ಯವಾದರೆ, ಅನುಮತಿಯಿರುವ ಸಿಮೆಂಟ್ ಕಾರ್ಖಾನೆಯ ಕುಲುಮೆಗೂ ಹೋಗಬಹುದು. ಅಲ್ಲಿ ಅದು ಕಲ್ಲಿದ್ದಲನ್ನು ಸ್ವಲ್ಪ ಉಳಿಸುತ್ತದೆ.

ಈ ದಾರಿಗಳನ್ನು ಅದಲುಬದಲು ಮಾಡಿದರೆ ಅನಾಹುತ. ಪಾದರಸವಿರುವುದನ್ನು ಕುಲುಮೆಗೆ ಹಾಕಿದರೆ ಪಾದರಸ ನಾಶವಾಗುವುದಿಲ್ಲ, ಆವಿಯಾಗಿ ಹೊಗೆಯ ಜೊತೆ ಏಳುತ್ತದೆ. ಕ್ಲೋರಿನ್ ಹೆಚ್ಚಿರುವುದನ್ನು ಉಷ್ಣತೆ ಸಾಲದೆ ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆ. ಆದ್ದರಿಂದ ಕ್ಲೋರಿನ್ ಎಷ್ಟಿದೆ, ಗಂಧಕ ಎಷ್ಟಿದೆ, ಶಾಖಮೌಲ್ಯ ಎಷ್ಟು ಎಂಬ ಪ್ರಶ್ನೆಗಳು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಸುಡುವುದಕ್ಕೆ ಶುಲ್ಕ ಹೆಚ್ಚು. ನೇರವಾಗಿ ಹೂಳುವುದಕ್ಕೆ ಕಡಿಮೆ. ಆದ್ದರಿಂದ ಕಾಗದದಲ್ಲಿ ಒಂದು ಅಂಕಿಯನ್ನು ಇಳಿಸಿ ಬರೆಯುವ ಆಸೆ ಬರುತ್ತದೆ. ಸಣ್ಣ ಉದ್ಯಮಿಗಳ ಕಷ್ಟ ನನಗೆ ಗೊತ್ತು. ಆರ್ಡರು ತಡ, ಹಣ ತಡ, ಬಾಡಿಗೆ ಮಾತ್ರ ತಿಂಗಳ ಮೊದಲ ದಿನ. ಆದರೂ ಹೇಳುತ್ತೇನೆ. ಹೀಗೆ ಉಳಿಸಿದ ಹಣವನ್ನು ಯಾರೋ ತಮ್ಮ ಶ್ವಾಸಕೋಶದಿಂದ ಕಟ್ಟುತ್ತಾರೆ. ಅವರು ಬಹುಪಾಲು ದಿನಗೂಲಿಯವರು. ನಿಮ್ಮ ಕಾಗದವನ್ನು ಅವರು ಓದಿರುವುದಿಲ್ಲ, ಅದನ್ನು ನಂಬಿ ಮುಚ್ಚಳ ತೆಗೆದಿರುತ್ತಾರೆ.

ಮಾಹಿತಿ ಅರೆಬರೆಯಾದರೆ ಏನಾಗುತ್ತದೆ ಎಂಬುದಕ್ಕೆ ಲೋಕಕ್ಕೆಲ್ಲ ತಿಳಿದ ಒಂದು ಉದಾಹರಣೆಯಿದೆ. ಅಮೆರಿಕದ ನಯಾಗರ ಜಲಪಾತದ ಊರಿನಲ್ಲಿ ಲವ್ ಕೆನಾಲ್ ಎಂಬ ಅರ್ಧಕ್ಕೆ ನಿಂತ ಕಾಲುವೆ ಇತ್ತು. 1942ರಿಂದ 1953ರವರೆಗೆ ಹೂಕರ್ ಎಂಬ ರಾಸಾಯನಿಕ ಕಂಪನಿ ಅಲ್ಲಿ ಸುಮಾರು 20 ಸಾವಿರ ಟನ್ ತ್ಯಾಜ್ಯ ಹೂಳಿತು. ಆಮೇಲೆ ಆ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಬರೆದುಕೊಟ್ಟಿತು. ಕ್ರಯಪತ್ರದಲ್ಲಿ ರಾಸಾಯನಿಕ ತ್ಯಾಜ್ಯದ ಪ್ರಸ್ತಾಪ ಇತ್ತು. ಆದರೆ ಯಾವ ರಾಸಾಯನಿಕ, ಎಲ್ಲಿ, ಎಷ್ಟು, ಅದು ಮೈಗೆ ಏನು ಮಾಡುತ್ತದೆ ಎಂಬ ವಿವರ ಇರಲಿಲ್ಲ. ಶಾಲೆ ಎದ್ದಿತು. ಸುತ್ತ ಮನೆಗಳು ಎದ್ದವು. 1970ರ ದಶಕದ ಮಳೆಗಳಿಗೆ ವಿಷ ಮೇಲೆ ಬಂತು, ನೆಲಮಾಳಿಗೆಗಳಿಗೆ ಒಸರಿತು. 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಪರಿಸ್ಥಿತಿ ಘೋಷಿಸಿದರು, ನೂರಾರು ಕುಟುಂಬಗಳು ಮನೆ ಬಿಟ್ಟವು. ಕೆದಕಿ ನೋಡಿದವರಿಗೆ ಸಿಕ್ಕಿದ್ದು 200ಕ್ಕೂ ಹೆಚ್ಚು ರಾಸಾಯನಿಕಗಳು. ಹೂಳುವ ದಿನ ಕಾರ್ಖಾನೆಯವರು ಬರೆದಿಡಬಹುದಾಗಿದ್ದ ಪಟ್ಟಿಯನ್ನು ಕಾಲು ಶತಮಾನದ ನಂತರ ಸರ್ಕಾರ ನೆಲ ಅಗೆದು ತಯಾರಿಸಬೇಕಾಯಿತು.

ನಮ್ಮ ದೇಶದ ಉದಾಹರಣೆ ಭೋಪಾಲದ್ದೇ. ಅನಿಲ ದುರಂತದ ನಂತರ ಮುಚ್ಚಿದ ಆ ಕಾರ್ಖಾನೆಯಲ್ಲಿ ಸುಮಾರು 340 ಟನ್ ತ್ಯಾಜ್ಯ ದಶಕಗಳ ಕಾಲ ಉಳಿದಿತ್ತು. ಹೈಕೋರ್ಟಿನ ಆದೇಶದ ಮೇಲೆ 2025ರ ಜನವರಿಯಲ್ಲಿ ಅದನ್ನು 12 ಕಂಟೇನರುಗಳಲ್ಲಿ ಪೀಥಂಪುರದ ಘಟಕಕ್ಕೆ ಸಾಗಿಸಿದರು. ಅಲ್ಲಿನ ಜನ ಬೀದಿಗಿಳಿದು ವಿರೋಧಿಸಿದರು. ಅವರ ಅಂಜಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ತಮ್ಮೂರಿಗೆ ಬರುತ್ತಿರುವುದು ಏನೆಂದು ಕೇಳುವ ಹಕ್ಕು ಅವರಿಗಿತ್ತು.

ಆ ತ್ಯಾಜ್ಯ ಒಂದೇ ಬಗೆಯದಲ್ಲ, ಐದು ಬಗೆಯದು. ಕಾರ್ಖಾನೆಯ ಅಂಗಳದ ಮಣ್ಣು, ರಿಯಾಕ್ಟರಿನ ಉಳಿಕೆ, ಸೆವಿನ್ ಕೀಟನಾಶಕದ ಉಳಿಕೆ, ನ್ಯಾಫ್ಥಾಲಿನ ಉಳಿಕೆ, ಅರ್ಧ ಸಂಸ್ಕರಿಸಿದ ವಸ್ತು. ಎಲ್ಲವನ್ನೂ ಒಮ್ಮೆಲೇ ಕುಲುಮೆಗೆ ಹಾಕಲಿಲ್ಲ. ಮೊದಲು ಹತ್ತು ಹತ್ತು ಟನ್ನಿನ ಮೂರು ಪ್ರಯೋಗಗಳು. ಗಂಟೆಗೆ ಸುಮಾರು 135 ಕಿಲೋದಿಂದ ಶುರುಮಾಡಿ, 180ಕ್ಕೆ ಏರಿಸಿ, 270ಕ್ಕೆ ಮುಟ್ಟಿಸಿದರು. ಪ್ರತಿ ಹಂತದಲ್ಲೂ ಚಿಮಣಿಯ ಹೊಗೆಯನ್ನು ಅಳೆದರು. ಆಮೇಲೆ ಉಳಿದದ್ದನ್ನು ಸುಟ್ಟರು. ಜೂನ್ ಕೊನೆಗೆ ಸುಡುವುದು ಮುಗಿಯಿತು. ಸುಣ್ಣ ಮುಂತಾದವು ಬೆರೆತ ಬೂದಿ ಅಸಲು ತ್ಯಾಜ್ಯಕ್ಕಿಂತ ಹೆಚ್ಚು ತೂಗಿತು. ಆ ಬೂದಿಯ ಬಗ್ಗೆಯೂ ಮತ್ತೆ ಅದೇ ಪ್ರಶ್ನೆಗಳು ಎದ್ದವು.

ಎರಡು ಉದಾಹರಣೆಗಳಾದವು. ಈಗ ಮತ್ತೆ ನಮ್ಮ ಶೆಡ್ಡಿಗೆ ಬರೋಣ. ಘಟಕ ಒಪ್ಪಿಗೆ ಕೊಟ್ಟಿದೆ ಎಂದುಕೊಳ್ಳಿ. ಲಾರಿ ಬರುವ ದಿನ ಏನು ಮಾಡಬೇಕು?

ಮೊದಲು ಡ್ರಮ್ಮಿನ ಮೇಲೆ ಚೀಟಿ. ನಿಯಮದ ಎಂಟನೆಯ ನಮೂನೆಯಲ್ಲಿ ಅದು ಹೇಗಿರಬೇಕೆಂದು ಹೇಳಿದೆ. ಹೊಳೆಯುವ ಹಳದಿ ಹಿನ್ನೆಲೆ. ಅಪಾಯಕಾರಿ ತ್ಯಾಜ್ಯ, ಎಚ್ಚರಿಕೆಯಿಂದ ನಿರ್ವಹಿಸಿ ಎಂಬ ಮಾತುಗಳು ಕೆಂಪಕ್ಷರದಲ್ಲಿ ಎದ್ದು ಕಾಣಬೇಕು. ನೀರಿಗೆ ಅಳಿಯಬಾರದು, ಬಿಸಿಲಿಗೆ ಮಾಸಬಾರದು. ಮತ್ತು ಗಮನಿಸಿ, ಆ ಮಾತುಗಳು ಹಿಂದಿ, ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕು. ನಮ್ಮಲ್ಲಿ ಎಂದರೆ ಕನ್ನಡದಲ್ಲಿ. ಡ್ರಮ್ಮನ್ನು ಉರುಳಿಸುವ ಹಮಾಲರು, ಲಾರಿಯ ಕ್ಲೀನರ್, ದಾರಿಯಲ್ಲಿ ಲಾರಿ ಮಗುಚಿದರೆ ಮೊದಲು ಓಡಿ ಬರುವ ಹಳ್ಳಿಯವರು, ಇವರು ಓದುವ ಭಾಷೆ ಅದು. ಕನ್ನಡವಿಲ್ಲದ ಚೀಟಿ ಅರ್ಧ ಚೀಟಿ ಎಂದೇ ನಾನು ತಿಳಿಯುತ್ತೇನೆ.

ಚಾಲಕನ ಕೈಯಲ್ಲಿ ತುರ್ತು ಮಾಹಿತಿಯ ಕಾರ್ಡು. ಸೋರಿದರೆ ಏನು ಮಾಡಬೇಕು, ಬೆಂಕಿ ಹತ್ತಿದರೆ ನೀರು ಹಾಕಬಹುದೇ, ಕಣ್ಣಿಗೆ ಬಿದ್ದರೆ ಏನು, ಯಾರಿಗೆ ಫೋನ್ ಮಾಡಬೇಕು, ಇವೆಲ್ಲ ಅದರಲ್ಲಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ರೋಗಿಯನ್ನು ಕಳಿಸುವಾಗ ಕೇಸ್ ಶೀಟ್ ಜೊತೆಗೇ ಹೋಗುವ ಹಾಗೆ ಇದು ತ್ಯಾಜ್ಯದ ಜೊತೆಗೇ ಹೋಗಬೇಕು. ಕಾರ್ಡು ಕಚೇರಿಯ ಕಡತದಲ್ಲಿ ಭದ್ರವಾಗಿದ್ದರೆ ದಾರಿಯಲ್ಲಿರುವವನಿಗೆ ಉಪಯೋಗವಿಲ್ಲ.

ಆಮೇಲೆ ಮ್ಯಾನಿಫೆಸ್ಟ್, ಅಂದರೆ ಸಾಗಣೆಯ ದಾಖಲೆ ಪತ್ರ. ಏಳು ಬಣ್ಣಗಳ ಏಳು ಪ್ರತಿಗಳು. ಬಿಳಿಯದು ಮಂಡಳಿಗೆ. ಹಳದಿ ಪ್ರತಿ ಚಾಲಕನ ಸಹಿ ಪಡೆದು ಕಾರ್ಖಾನೆಯಲ್ಲಿ ಉಳಿಯುತ್ತದೆ. ಉಳಿದವು ಲಾರಿಯ ಜೊತೆ ಹೊರಡುತ್ತವೆ. ಅವುಗಳಲ್ಲಿ ನೀಲಿ ಪ್ರತಿ, ತ್ಯಾಜ್ಯ ತಲುಪಿತು ಎಂಬ ಸಹಿಯೊಂದಿಗೆ, ಘಟಕದಿಂದ ಕಾರ್ಖಾನೆಗೆ ಮರಳಬೇಕು. ಹಳದಿ ಇದೆ, ನೀಲಿ ಬಂದಿಲ್ಲ ಎಂದರೆ ಡ್ರಮ್ಮುಗಳು ಎಲ್ಲಿಗೆ ಹೋದವು ಎಂದು ಅಂದೇ ಕೇಳಬೇಕು. ಲಾರಿ ಕಣ್ಮರೆಯಾದರೆ ಜವಾಬ್ದಾರಿ ಮುಗಿಯಿತು ಎಂದುಕೊಳ್ಳುವುದರಿಂದಲೇ ಕೆರೆಯಂಗಳಗಳಲ್ಲಿ, ರಾಜಕಾಲುವೆಗಳ ಬದಿಯಲ್ಲಿ ಅನಾಥ ಡ್ರಮ್ಮುಗಳು ಸಿಗುವುದು.

ಘಟಕದ ಗೇಟಿನಲ್ಲಿ ಇನ್ನೊಂದು ತಪಾಸಣೆಯಿದೆ. ಲಾರಿ ತೂಕವಾಗುತ್ತದೆ. ಪ್ರತಿ ಲೋಡಿನಿಂದ ಸ್ವಲ್ಪ ತೆಗೆದು ಬಣ್ಣ, ಪಿಎಚ್, ತೇವಾಂಶದಂಥ ಬೇಗ ತಿಳಿಯುವ ಕೆಲವು ಗುಣಗಳನ್ನು ನೋಡುತ್ತಾರೆ. ಇದಕ್ಕೆ ಫಿಂಗರ್‌ಪ್ರಿಂಟ್ ಪರೀಕ್ಷೆ ಎಂದೇ ಹೆಸರು. ಮೊದಲು ಒಪ್ಪಿದ ವಿವರದೊಂದಿಗೆ ಹೊಂದಿದರೆ ಒಳಗೆ. ಹೊಂದದಿದ್ದರೆ ಲಾರಿ ಪಕ್ಕಕ್ಕೆ ನಿಲ್ಲುತ್ತದೆ, ಫೋನು ಕಾರ್ಖಾನೆಗೆ ಬರುತ್ತದೆ.

ಹೊಂದದಿರಲು ಯಾವಾಗಲೂ ಮೋಸವೇ ಕಾರಣವಲ್ಲ. ಬಹಳ ಸಲ ಕಾರ್ಖಾನೆಯೊಳಗೆ ಏನೋ ಬದಲಾಗಿರುತ್ತದೆ. ಸಯನೈಡ್ ತೊಟ್ಟಿ ಬಿಟ್ಟು ಸಯನೈಡ್ ಇಲ್ಲದ ಸತು ಲೇಪಕ್ಕೆ ಹೋಗಿರುತ್ತಾರೆ. ಅದು ಒಳ್ಳೆಯ ಬದಲಾವಣೆಯೇ. ಅಥವಾ ಹೊಸ ಗಿರಾಕಿಗಾಗಿ ಕ್ರೋಮಿಯಂ ತೊಟ್ಟಿ ಸೇರಿಸಿರುತ್ತಾರೆ. ಅಥವಾ ಥಿನ್ನರಿನ ಸರಬರಾಜುದಾರ ಬದಲಾಗಿರುತ್ತಾನೆ. ತಯಾರಿ ವಿಭಾಗಕ್ಕೆ ಇದು ಗೊತ್ತು. ಕಾಗದ ಬರೆಯುವ ಗುಮಾಸ್ತರಿಗೆ ಯಾರೂ ಹೇಳಿಲ್ಲ. ಅವರು ಎರಡು ವರ್ಷದ ಹಿಂದಿನ ವಿವರವನ್ನೇ ಮತ್ತೆ ಬರೆದಿದ್ದಾರೆ.

ಕಾರ್ಖಾನೆ ನಡೆಸುತ್ತಿರುವ ಕೇಳುಗರೇ, ಪ್ರತಿ ವರ್ಷ ಜೂನ್ 30ರೊಳಗೆ ನೀವು ಮಂಡಳಿಗೆ ವಾರ್ಷಿಕ ವಿವರ ಸಲ್ಲಿಸಬೇಕು. ಅದನ್ನು ಬರೆಯುವ ಮೊದಲು ತಯಾರಿ ವಿಭಾಗದವರನ್ನೂ ತೊಟ್ಟಿಗಳ ಬಳಿ ನಿಲ್ಲುವವರನ್ನೂ ಕೂರಿಸಿಕೊಂಡು ಒಂದು ಗಂಟೆ ಮಾತಾಡಿ. ಈ ವರ್ಷ ಏನು ಬದಲಾಯಿತು ಎಂದು ಕೇಳಿ. ಬದಲಾಗಿದ್ದರೆ ಹಳೆಯ ಒಪ್ಪಿಗೆ ಸಾಲದು. ಹೊಸ ಮಾದರಿ ತೆಗೆದು, ಹೊಸ ವಿವರ ಬರೆದು, ಘಟಕಕ್ಕೆ ಕಳಿಸಿ. ಅವರ ಉತ್ತರ ಬರುವವರೆಗೆ ಆ ಡ್ರಮ್ಮುಗಳನ್ನು ಬೇರೆಯಾಗಿ, ಸೂರಿನಡಿ, ಗಟ್ಟಿ ನೆಲದ ಮೇಲೆ, ಚೀಟಿ ಅಂಟಿಸಿ ಇಡಿ.